ಬಾಳ್ಯಾ ದ್ರೋಹಿಯಾದದ್ದು ಯಾವಾಗ?

ಕಬ್ಬಿನ ಹಂಗಾಮು ಮುಗಿಯುತ್ತ ಬಂದಿತ್ತು. ಸಂಕೇಶ್ವರದ ಆಸುಪಾಸಿನ ಹಳ್ಳಿಯೊಂದರ ಜಾತ್ರೆಯಲ್ಲಿ ಆ ರಾತ್ರಿ ಸಣ್ಣಾಟ ಇಟ್ಟಿದ್ದರು. ಆ ಊರಿನಲ್ಲಿ ನಮ್ಮ ವಿಶ್ವಾಸಿಗಳ ಮನೆಗಳು ಎರಡೋ ಮೂರೋ. ಸಂಜೆಯ ಪ್ರಾರ್ಥನೆ ಮುಗಿಸಿ ಹೊರಟಿದ್ದ ನನ್ನನ್ನು ಮನೆಯ ಯಜಮಾನರು ತಡೆದು, ‘‘ಫಾದರ್, ಇವತ್ತ ಸಂಗ್ಯಾ ಬಾಳ್ಯಾ ಐತ್ರಿ, ನೋಡಿಕೊಂಡ ಹೋಗ್ರಿ. ಬರೇ ಬೈಬಲ್ ಓದಿದ್ರ ಹ್ಯಾಂಗ?’’ ಎಂದರು. ಆ ಮಾತಿನಲ್ಲಿದ್ದ ಚೇಷ್ಟೆ ನನಗೆ ಹಿಡಿಸಿತು. ಉಳಿದೆ.

ನಡುರಾತ್ರಿ ದಾಟಿತು. ಬಾಳ್ಯಾ ತನ್ನ ಜೀವದ ಗೆಳೆಯನನ್ನು ವೈರಿಗಳ ಕೈಗೆ ಒಪ್ಪಿಸುವ ಹೊತ್ತು ಬಂದಾಗ, ನನ್ನ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಹಿರಿಯರೊಬ್ಬರು ‘ಥೂ’ ಎಂದು ನೆಲಕ್ಕೆ ಉಗುಳಿದರು. ಹೆಣ್ಣುಮಕ್ಕಳ ಕಡೆಯಿಂದ ಶಾಪದ ಮಾತುಗಳು ಕೇಳಿಬಂದವು. ಅಲ್ಲಿ ಕುಳಿತವರಲ್ಲಿ ಈ ಆಟವನ್ನು ಹತ್ತಿಪ್ಪತ್ತು ಸಲ ನೋಡದವರು ಕಡಿಮೆ. ಮುಂದೇನಾಗುವುದೆಂದು ಎಲ್ಲರಿಗೂ ಗೊತ್ತು. ಆದರೂ ಪ್ರತಿ ಸಲ ಅದೇ ಜಾಗದಲ್ಲಿ ಅವರಿಗೆ ಸಿಟ್ಟು ಬರುತ್ತದೆ. ನಾನೂ ಆ ಸಿಟ್ಟಿನಲ್ಲಿ ಪಾಲುಗೊಂಡೆ. ಮನೆಗೆ ಬಂದು ಮಲಗಿದ ಮೇಲೆ ಒಂದು ಸಂಶಯ ಕಾಡತೊಡಗಿತು: ನಾವೆಲ್ಲರೂ ಉಗುಳಬೇಕಾದ ಜಾಗ ಅದೇ ಆಗಿತ್ತೇ? ಅಥವಾ ಎರಡು ಮೂರು ತಾಸು ಮೊದಲೇ, ನಾವು ತಲೆದೂಗುತ್ತ ಕುಳಿತಿದ್ದಾಗಲೇ ಆ ಜಾಗ ಸರಿದುಹೋಗಿತ್ತೇ?

ಬೆಳಗಾವಿ ಸೀಮೆಯ ಓದುಗರಿಗೆ ‘ಸಂಗ್ಯಾ ಬಾಳ್ಯಾ’ದ ಪರಿಚಯ ಬೇಕಾಗಿಲ್ಲ. ದೂರದ ಓದುಗರಿಗಾಗಿ ನಾಲ್ಕು ಮಾತು. ಪತ್ತಾರ ಮಾಸ್ತರರ ಹೆಸರಿನಲ್ಲಿ ಪ್ರಸಿದ್ಧವಾದ ಈ ಆಟ ಬೆಳಗಾವಿಯ ಆಚೆಗಿನ ಬೈಲಹೊಂಗಲದ ಕಡೆಯದು. ಅಲ್ಲಿ ನಿಜವಾಗಿ ನಡೆದ ಸಂಗತಿಯೊಂದರಿಂದ ಇದು ಹುಟ್ಟಿತೆಂದು ಜನ ನಂಬಿದ್ದಾರೆ. ದೊಡ್ಡಾಟದಲ್ಲಿ ಕಿರೀಟ ಭುಜಕೀರ್ತಿ ತೊಟ್ಟ ಪುರಾಣದ ವೀರರು ಕುಣಿದರೆ, ಸಣ್ಣಾಟದಲ್ಲಿ ನಮ್ಮ ಓಣಿಯ ಮನುಷ್ಯರು ಧೋತರ ಪಟಗಗಳಲ್ಲಿಯೇ ಬರುತ್ತಾರೆ. ದಪ್ಪಿನ ಬಡಿತಕ್ಕೆ ಹಾಡುತ್ತಾರೆ, ಮಾತಾಡುತ್ತಾರೆ, ಸಾಯುತ್ತಾರೆ. ಇಂಥ ಆಟಗಳಿಗೆ ನಮ್ಮ ಈ ನೆಲ ತವರುಮನೆಯಿದ್ದಂತೆ. ‘ಶ್ರೀಕೃಷ್ಣ ಪಾರಿಜಾತ’ವನ್ನು ಬೆಳೆಸಿದ ತಮ್ಮಣ್ಣನ ಕುಲಗೋಡ ಇಂದಿನ ಮೂಡಲಗಿ ತಾಲ್ಲೂಕಿನಲ್ಲಿದೆ. ಅದನ್ನು ಆಡಿ ಮನೆಮಾತಾದ ಕೌಜಲಗಿ ನಿಂಗಮ್ಮ ಗೋಕಾಕ ಸೀಮೆಯವರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ೧೯೩೭ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ‘ಸಂಗ್ಯಾ ಬಾಳ್ಯಾ’ವನ್ನು ಸಂಪಾದಿಸಿ, ಹಳ್ಳಿಯ ಕಟ್ಟೆಯಿಂದ ಓದುವವರ ಮೇಜಿಗೆ ತಂದರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತ ಅವರ ಸಂಶೋಧನ ಗ್ರಂಥ ನಮ್ಮ ಗುರುಮಠಗಳ ಗ್ರಂಥಾಲಯಗಳಲ್ಲಿಯೂ ಇರಬೇಕಾದದ್ದು. ಇರುವುದು ಕಡಿಮೆ ಎಂಬುದು ಬೇರೆ ಮಾತು.

ಕಥೆ ದೊಡ್ಡದೇನಲ್ಲ. ಸಂಗ್ಯಾ ಉಳ್ಳವರ ಮನೆಯ ತರುಣ. ಬಾಳ್ಯಾ ಅವನ ಗೆಳೆಯ. ಈರ್ಯಾ ಎಂಬವನ ಹೆಂಡತಿ ಗಂಗಾಳ ಮೇಲೆ ಸಂಗ್ಯಾನಿಗೆ ಮನಸ್ಸಾಗುತ್ತದೆ. ಆ ಆಸೆಯ ದಾರಿಯಲ್ಲಿ ಬಾಳ್ಯಾ ಅವನ ಜೊತೆಗಿರುತ್ತಾನೆ. ಸಂಗತಿ ಬಯಲಾದಾಗ ಈರ್ಯಾನೂ ಅವನ ತಮ್ಮಂದಿರೂ ಹಗೆ ಸಾಧಿಸುತ್ತಾರೆ. ಬಾಳ್ಯಾ ಗೆಳೆಯನ ಕೈಬಿಟ್ಟು ಅವರ ಕಡೆಗಾಗುತ್ತಾನೆ. ಸಂಗ್ಯಾನ ಕೊಲೆಯಾಗುತ್ತದೆ. ಸಣ್ಣಾಟದ ಪಾಠ ಕಲ್ಲಿನಲ್ಲಿ ಕೊರೆದದ್ದಲ್ಲ. ಮಾಸ್ತರರಿಂದ ಮಾಸ್ತರರಿಗೆ ಮಾತು ಕೂಡುತ್ತದೆ, ಬಿಡುತ್ತದೆ. ಆದುದರಿಂದ ಯಾವ ಒಂದು ಪಾಠದ ಯಾವ ಒಂದು ಸಾಲನ್ನೂ ಹಿಡಿದು ಜಗ್ಗದೆ ಕಥೆಯ ಎಲುಬನ್ನಷ್ಟೇ ಇಲ್ಲಿ ಮುಟ್ಟುತ್ತೇನೆ. ಗಂಗಾಳ ವಿಷಯವನ್ನು ನಾನು ಈ ಲೇಖನದಲ್ಲಿ ಎತ್ತುತ್ತಿಲ್ಲ. ಅವಳಿಗೆ ಪ್ರತ್ಯೇಕ ಲೇಖನವೇ ಬೇಕು, ಬಹುಶಃ ಅದನ್ನು ಹೆಣ್ಣುಮಗಳೊಬ್ಬಳೇ ಬರೆಯಬೇಕು.

ಮೊದಲು ಕಣ್ಣಿಗೆ ಬೀಳುವುದು ಆಟದ ಹೆಸರು. ಪರಸ್ತ್ರೀ ವ್ಯಾಮೋಹದ ಕಥೆಗೆ ‘ಸಂಗ್ಯಾ ಗಂಗಾ’ ಎಂಬ ಹೆಸರು ಸಹಜವಾಗಿ ಒಪ್ಪುತ್ತಿತ್ತು. ಹಗೆಯ ಕಥೆಯಾಗಿ ನೋಡಿದರೆ ‘ಸಂಗ್ಯಾ ಈರ್ಯಾ’ ಎನ್ನಬಹುದಿತ್ತು. ಜನ ಇಟ್ಟುಕೊಂಡ ಹೆಸರು ಇಬ್ಬರು ಗೆಳೆಯರದು. ಅಂದಮೇಲೆ ಆಟದ ತಿರುಳು ಇವರಿಬ್ಬರ ನಡುವೆಯೇ ಇದೆಯೆಂದು ಹೆಸರಿಟ್ಟವರ ಮನಸ್ಸಿಗೆ ಹೊಳೆದಿರಬೇಕು. ಆದರೆ ಆಟವನ್ನು ವಿವರಿಸುವ ನಮ್ಮ ರೂಢಿಯ ಮಾತುಗಳು ಅಷ್ಟು ದೂರ ಹೋಗುವುದಿಲ್ಲ. ಹಿರಿಯರು ಹುಡುಗರಿಗೆ ಹೇಳುವಾಗ ಪರಸ್ತ್ರೀಯ ಹಾದಿ ಹಿಡಿದವನ ಗತಿ ಇದು ಎನ್ನುತ್ತಾರೆ. ತುಸು ಆಳಕ್ಕಿಳಿದವರು ಮಿತ್ರದ್ರೋಹದ ಕಥೆ ಎನ್ನುತ್ತಾರೆ. ಪಟ್ಟಣದಲ್ಲಿ ಓದಿದವರು ಇನ್ನೂ ಒಂದು ಮಾತು ಸೇರಿಸಿ, ಉಳ್ಳವನ ನೆರಳಿನಲ್ಲಿ ಬದುಕುವ ಬಾಳ್ಯಾನಂಥವನಿಗೆ ಬೇರೆ ದಾರಿ ಎಲ್ಲಿತ್ತು ಎಂದು ಕೇಳುತ್ತಾರೆ. ಈ ಕೊನೆಯ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಉಳ್ಳವನ ಗೆಳೆತನವೆಂದರೆ ಬರೀ ಮನಸ್ಸಿನ ಸುಖವಲ್ಲ. ಊಟ, ಚಹಾ, ನಾಲ್ಕು ಜನರ ನಡುವೆ ಒಂದು ಕುರ್ಚಿ. ಇವನ್ನು ಕಳೆದುಕೊಳ್ಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಆದರೂ ಈ ಮೂರೂ ವಿವರಣೆಗಳು ಒಂದು ವಿಷಯದಲ್ಲಿ ಒಂದಾಗುತ್ತವೆ. ಗೆಳೆತನ ಮೊದಲು ಚೆನ್ನಾಗಿತ್ತು, ಆಮೇಲೆ ಕೆಟ್ಟಿತು ಎಂದು ಮೂವರೂ ನಂಬುತ್ತಾರೆ. ಬಾಳ್ಯಾ ಸಂಗ್ಯಾನ ಹೆಗಲಿಗೆ ಹೆಗಲು ಕೊಟ್ಟಿದ್ದಷ್ಟು ಕಾಲ ಒಳ್ಳೆಯ ಗೆಳೆಯ, ಕೈಬಿಟ್ಟ ದಿನ ದ್ರೋಹಿ. ಇಲ್ಲಿಯೇ ನನ್ನ ತಕರಾರು.

ಆಟ ಮುಗಿದ ಮೇಲೆ, ಮುಖದ ಬಣ್ಣ ಇನ್ನೂ ಪೂರ್ತಿ ತೊಳೆಯದೆ ಚಹಾದ ಅಂಗಡಿಗೆ ಬಂದ ಬಾಳ್ಯಾನ ಪಾತ್ರಧಾರಿಯನ್ನು ನಾನು ಮಾತಿಗೆಳೆದಿದ್ದೆ. ಮುವ್ವತ್ತು ದಾಟಿದ ಆಸಾಮಿ, ಹಗಲಿಗೆ ಟ್ರ್ಯಾಕ್ಟರ್ ಹೊಡೆಯುತ್ತಾನೆ. ‘‘ಈ ಪಾರ್ಟ್ ಮಾಡಿದಾಗಿಂದ ನನಗ ಯಾರೂ ಕೈಗಡಾ ಕೊಡವಲ್ರು ನೋಡ್ರಿ’’ ಎಂದು ನಗಿಸಿದ. ನಾನು ಕೇಳಿದೆ: ‘‘ಬಾಳ್ಯಾ ಸಂಗ್ಯಾನಿಗೆ ಬೇಡ ಅನ್ನುವುದೇ ಇಲ್ಲವೇನಪ್ಪ?’’ ಅವನು ಸ್ವಲ್ಪ ಯೋಚಿಸಿ, ‘‘ಒಂದ ಸಲ ಬ್ಯಾಡ ಅಂದಂಗ ಮಾಡ್ತೀನ್ರಿ. ಸಂಗ್ಯಾ ಮಾರಿ ಸಪ್ಪಗ ಮಾಡಿದ ಕೂಡ್ಲೆ ಸುಮ್ಮಾಗ್ತೀನಿ. ಗಟ್ಟ್ಯಾಗಿ ಬ್ಯಾಡ ಅಂದ್ರ ಮುಂದ ಆಟ ಎಲ್ಲೀದ್ರಿ?’’ ಎಂದ. ಇದು ಆ ತಂಡದ ರೀತಿ ಇರಬಹುದು, ಆ ನಟನ ಸ್ವಂತ ಚಾತುರ್ಯವೂ ಇರಬಹುದು. ಆದರೆ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಈ ಮಾತು ಹೆಚ್ಚು ಕೆಲಸ ಮಾಡಿತು. ಗೆಳೆಯನ ಮುಖ ಸಪ್ಪಗಾಗುವುದನ್ನು ನೋಡಲಾರದ ಒಂದು ಕ್ಷಣದ ಮೇಲೆ ಇಡೀ ಆಟ ನಿಂತಿದೆ. ಆ ಕ್ಷಣವನ್ನು ನಾವು ಸ್ನೇಹವೆಂದು ಕರೆಯುತ್ತೇವೆ, ಅಲ್ಲಿ ಯಾರೂ ಉಗುಳುವುದಿಲ್ಲ.

ಸಣ್ಣಾಟದ ಹಿಮ್ಮೇಳವನ್ನು ಗಮನಿಸಿದವರಿಗೆ ಇದು ಬೇಗ ತಿಳಿದೀತು. ಪಾತ್ರಧಾರಿ ಒಂದು ನುಡಿ ಹಾಡಿ ಮುಗಿಸುತ್ತಲೇ ಹಿಂದೆ ನಿಂತವರು ಅದರ ಕೊನೆಯ ಭಾಗವನ್ನು ಎತ್ತಿಕೊಂಡು ಇನ್ನೂ ಎತ್ತರದ ದನಿಯಲ್ಲಿ ಹಾಡುತ್ತಾರೆ. ಸಂಗ್ಯಾ ತನ್ನ ಆಸೆಯನ್ನು ಹಾಡಿದರೆ ಹಿಮ್ಮೇಳ ಆ ಆಸೆಗೆ ದನಿ ಕೂಡಿಸುತ್ತದೆ. ಈರ್ಯಾ ಸಿಟ್ಟನ್ನು ಹಾಡಿದರೆ ಸಿಟ್ಟಿಗೂ ಅದೇ ಜನ, ಅದೇ ಗಂಟಲು. ಹಿಮ್ಮೇಳಕ್ಕೆ ಪಕ್ಷವಿಲ್ಲ, ಯಾರು ಮುಂದೆ ನಿಂತು ಹಾಡುತ್ತಾರೋ ಅವರ ಸಾಲನ್ನು ಎತ್ತುವುದು ಅದರ ಧರ್ಮ. ಆಟಕ್ಕೆ ಅದು ಬೇಕು. ಆದರೆ ಬಾಳ್ಯಾ ರಂಗದ ಮೇಲೆ ಪಾತ್ರವಾಗಿ ನಿಂತವನು, ಅವನು ಮಾಡಿದ್ದು ಹಿಮ್ಮೇಳದ ಕೆಲಸ. ಗೆಳೆಯನ ಆಸೆ ಮುಂದಿದ್ದಾಗ ಅದನ್ನು ಎತ್ತಿ ಹಾಡಿದ. ಈರ್ಯಾನ ಸಿಟ್ಟು ಮುಂದೆ ಬಂದಾಗ ಅದನ್ನೂ ಎತ್ತಿ ಹಾಡಿದ. ಹೀಗೆ ನೋಡಿದರೆ ಅವನ ನಡತೆಯಲ್ಲಿ ತಿರುವೇ ಇಲ್ಲ. ನಾವು ದ್ರೋಹವೆನ್ನುವುದು ಅವನು ಮೊದಲಿನಿಂದ ಮಾಡಿಕೊಂಡು ಬಂದ ಕೆಲಸದ ಮುಂದಿನ ಸಾಲು.

ಇದು ನನ್ನ ತಲೆಯಿಂದ ಹುಟ್ಟಿದ ಅತಿಬುದ್ಧಿಯೇನೋ ಎಂದು ನನಗೇ ಅನುಮಾನವಾಗಿ ಪವಿತ್ರ ಗ್ರಂಥವನ್ನು ತೆರೆದೆ. ಸಮುವೇಲನ ಎರಡನೆಯ ಗ್ರಂಥದ ೧೧, ೧೨ ಮತ್ತು ೧೩ನೆಯ ಅಧ್ಯಾಯಗಳನ್ನು ನಾವು ಸಾಮಾನ್ಯವಾಗಿ ಬಿಡಿ ಬಿಡಿಯಾಗಿ ಓದುತ್ತೇವೆ. ದಾವೀದನ ಪಾಪವನ್ನು ತಪಸ್ಸುಕಾಲದಲ್ಲಿ ಓದುತ್ತೇವೆ. ತಾಮಾರಳ ಮೇಲಿನ ಅತ್ಯಾಚಾರದ ಅಧ್ಯಾಯವನ್ನು ಮುಜುಗರದಿಂದ ದಾಟಿಬಿಡುತ್ತೇವೆ. ಮೂರನ್ನೂ ಒಂದೇ ಕೂರಿನಲ್ಲಿ ಓದಿದಾಗ ಮೂವರು ಜೊತೆಗಾರರು ಸಾಲಾಗಿ ಕಾಣಿಸಿದರು. ಹನ್ನೊಂದನೆಯ ಅಧ್ಯಾಯದಲ್ಲಿ ಸೇನಾಪತಿ ಯೋವಾಬ. ಊರೀಯನನ್ನು ಯುದ್ಧದ ಬಿರುಸಿನಲ್ಲಿ ನಿಲ್ಲಿಸಿ ಹಿಂದೆ ಸರಿಯಬೇಕೆಂಬ ಅರಸನ ಪತ್ರ ಅವನ ಕೈಸೇರುತ್ತದೆ. ಅದನ್ನು ತಂದವನು ಊರೀಯನೇ. ಯೋವಾಬ ಒಂದು ಪ್ರಶ್ನೆಯನ್ನೂ ಕೇಳದೆ ಕೆಲಸ ಮುಗಿಸುತ್ತಾನೆ. ಹನ್ನೆರಡನೆಯದರಲ್ಲಿ ಪ್ರವಾದಿ ನಾತಾನ. ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿ, ಅರಸನ ಬಾಯಿಂದಲೇ ತೀರ್ಪು ಹೊರಡಿಸಿ, ಆಮೇಲೆ ಆ ತೀರ್ಪನ್ನು ಅರಸನ ಮೇಲೆಯೇ ತಿರುಗಿಸುತ್ತಾನೆ. ಹದಿಮೂರನೆಯದರಲ್ಲಿ ಯೋನಾದಾಬ.

ಯೋನಾದಾಬನೇ ನಮ್ಮ ಬಾಳ್ಯಾ. ದಾವೀದನ ಅಣ್ಣನ ಮಗ, ರಾಜಕುಮಾರ ಅಮ್ನೋನನ ಗೆಳೆಯ. ಬಹಳ ಜಾಣನೆಂದು ಗ್ರಂಥಕರ್ತ ಎತ್ತಿ ಹೇಳುತ್ತಾನೆ. ಮಲತಂಗಿ ತಾಮಾರಳ ಮೇಲಿನ ಮೋಹದಿಂದ ಅಮ್ನೋನ ಸೊರಗಿರುವುದನ್ನು ಕಂಡು ಅವನು ಕಳವಳದಿಂದ ವಿಚಾರಿಸುತ್ತಾನೆ. ಕಾರಣ ತಿಳಿದ ಮೇಲೆ ಬೇಡವೆನ್ನುವುದಿಲ್ಲ. ಕಾಯಿಲೆಯ ನೆಪ ಹೂಡಿ ಅವಳನ್ನು ಬರಮಾಡಿಕೊಳ್ಳುವ ಉಪಾಯವನ್ನು ಹೇಳಿಕೊಡುತ್ತಾನೆ. ಮುಂದಿನದು ನಮಗೆ ಗೊತ್ತು. ಆದರೆ ಯೋನಾದಾಬ ಆ ಅಧ್ಯಾಯದಲ್ಲಿ ಇನ್ನೊಮ್ಮೆ ಬರುತ್ತಾನೆ, ಅದನ್ನು ನಾನು ಇಷ್ಟು ವರ್ಷ ಗಮನಿಸಿರಲಿಲ್ಲ. ಎರಡು ವರ್ಷಗಳ ನಂತರ ಅಬ್ಷಾಲೋಮ ತಂಗಿಯ ಸೇಡಿಗಾಗಿ ಕುರಿಗಳ ಉಣ್ಣೆ ಕತ್ತರಿಸುವ ಹಬ್ಬದಲ್ಲಿ ಅಮ್ನೋನನನ್ನು ಕೊಲ್ಲಿಸುತ್ತಾನೆ. ಎಲ್ಲ ರಾಜಕುಮಾರರೂ ಸತ್ತರೆಂಬ ಸುದ್ದಿ ಅರಮನೆಗೆ ಬರುತ್ತದೆ. ಅರಸ ಬಟ್ಟೆ ಹರಿದುಕೊಂಡು ನೆಲಕ್ಕೆ ಬೀಳುತ್ತಾನೆ. ಆಗ ಸಮಾಧಾನ ಹೇಳಲು ಮುಂದೆ ಬರುವವನು ಇದೇ ಯೋನಾದಾಬ. ಸತ್ತವನು ಅಮ್ನೋನ ಒಬ್ಬನೇ, ತಂಗಿಗೆ ಅನ್ಯಾಯವಾದ ದಿನದಿಂದಲೇ ಅಬ್ಷಾಲೋಮ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಎಂದು ವಿವರಿಸುತ್ತಾನೆ. ದನಿಯಲ್ಲಿ ನಡುಕವಿಲ್ಲ. ಅಷ್ಟು ತಿಳಿದವನು ಎರಡು ವರ್ಷ ಗೆಳೆಯನಿಗೆ ಏಕೆ ಎಚ್ಚರಿಕೆ ಕೊಡಲಿಲ್ಲ ಎಂದು ಅರಸ ಕೇಳುವುದಿಲ್ಲ, ಗ್ರಂಥಕರ್ತನೂ ಕೇಳುವುದಿಲ್ಲ. ಅಮ್ನೋನ ಬದುಕಿದ್ದಾಗ ಅವನ ಪಕ್ಕದಲ್ಲಿದ್ದವನು, ಅವನು ಸತ್ತ ಗಳಿಗೆಯಲ್ಲಿ ಅರಸನ ಪಕ್ಕದಲ್ಲಿದ್ದಾನೆ. ಎರಡು ಕಡೆಯೂ ಅವನ ಸಲಹೆ ಉಪಯುಕ್ತ, ಎರಡು ಕಡೆಯೂ ಅವನ ಜೊತೆ ಹಿತಕರ.

ಬೈಲಹೊಂಗಲದ ಮಾಸ್ತರರು ಈ ಅಧ್ಯಾಯವನ್ನು ಓದಿರಲಿಕ್ಕಿಲ್ಲ. ಅವರ ಬಾಳ್ಯಾ ಈ ನೆಲದವನೇ. ಆದರೆ ಇಷ್ಟು ದೂರದ ಎರಡು ಕಥೆಗಳು ಒಂದೇ ಆಕಾರ ತಳೆದಿರುವಾಗ, ಅದರಲ್ಲಿ ಮನುಷ್ಯಸ್ವಭಾವದ ಒಂದು ಸತ್ಯ ಇರಬೇಕೆಂದು ಭಾವಿಸಲು ಅಡ್ಡಿಯಿಲ್ಲ. ನಮ್ಮ ಕೆಟ್ಟ ಆಸೆಗೆ ಜೊತೆಯಾದವನು ನಮ್ಮ ಕೆಟ್ಟ ದಿನಕ್ಕೆ ಜೊತೆಯಾಗುವುದಿಲ್ಲ. ಜೊತೆಯಾಗಲು ಅವನಲ್ಲಿ ಏನೂ ಉಳಿದಿರುವುದಿಲ್ಲ. ಬೇಡವೆನ್ನುವ ಶಕ್ತಿಯನ್ನು ಗೆಳೆಯನ ಮುಂದೆಯೇ ಕಳೆದುಕೊಂಡವನು ವೈರಿಯ ಮುಂದೆ ಅದನ್ನು ಎಲ್ಲಿಂದ ತರಬೇಕು?

ಹಾಗಾದರೆ ಗಟ್ಟಿಯಾಗಿ ಬೇಡವೆಂದರೆ ಏನಾಗುತ್ತದೆ? ಟ್ರ್ಯಾಕ್ಟರಿನ ಗೆಳೆಯ ಹೇಳಿದಂತೆ ಆಟ ಮುಂದೆ ಸಾಗುವುದಿಲ್ಲ, ಆದ್ದರಿಂದ ರಂಗದ ಮೇಲೆ ಅದನ್ನು ತೋರಿಸುವುದು ಕಷ್ಟ. ಅದನ್ನು ಬರೆದಿಟ್ಟವರು ಸಂತ ಅಗಸ್ತೀನರು. ಕ್ರಿ.ಶ. ೪೦೦ರ ಸುಮಾರಿಗೆ ಸಿದ್ಧವಾದ ಅವರ ‘ಪಾಪನಿವೇದನೆಗಳು’ ಕೃತಿಯಲ್ಲಿ ಹದಿನಾರನೆಯ ವಯಸ್ಸಿನಲ್ಲಿ ಗೆಳೆಯರೊಡನೆ ಪೇರು ಹಣ್ಣು ಕದ್ದ ಪ್ರಸಂಗ ಪ್ರಸಿದ್ಧವಾಗಿದೆ. ಹಸಿವಿಲ್ಲದಿದ್ದರೂ ಕದ್ದರು, ಕದ್ದದ್ದನ್ನು ಹಂದಿಗಳಿಗೆ ಎಸೆದರು. ಒಬ್ಬನೇ ಇದ್ದಿದ್ದರೆ ತಾನು ಅದನ್ನು ಮಾಡುತ್ತಿರಲಿಲ್ಲ ಎಂಬುದು ಅವರ ವಿಚಾರಣೆಯ ತಿರುಳು. ನಮ್ಮ ಪ್ರವಚನಗಳಲ್ಲಿ ಈ ಹಣ್ಣುಗಳು ಸಾಕಷ್ಟು ಹಂಚಿಹೋಗಿವೆ. ಇಲ್ಲಿಗೆ ಹೆಚ್ಚು ಬೇಕಾದದ್ದು ನಾಲ್ಕನೆಯ ಭಾಗದಲ್ಲಿರುವ, ಹೆಸರಿಲ್ಲದ ಗೆಳೆಯನ ಪ್ರಸಂಗ.

ಅಗಸ್ತೀನರು ಆಗ ತಮ್ಮ ಹುಟ್ಟೂರು ತಗಸ್ತೆಯಲ್ಲಿ ಪಾಠ ಹೇಳುತ್ತಿದ್ದ ತರುಣ. ಜೊತೆಗೆ ಆಡಿ ಬೆಳೆದ, ಒಂದೇ ಶಾಲೆಯಲ್ಲಿ ಕಲಿತ ಗೆಳೆಯನೊಬ್ಬನಿದ್ದ. ತಾವು ಹಿಡಿದಿದ್ದ ಮಾನಿಯ ಪಂಥದ ಕಡೆಗೆ ಅವನನ್ನೂ ತಿರುಗಿಸಿದ್ದರು. ಅಂದರೆ ಆ ಗೆಳೆತನದಲ್ಲಿ ಮುಂದೆ ನಿಂತು ಹಾಡುವವರು ಅಗಸ್ತೀನರು, ಎತ್ತಿ ಹಾಡುವವನು ಗೆಳೆಯ. ಅವನಿಗೆ ಜ್ವರ ಏರಿ ಎಚ್ಚರ ತಪ್ಪಿತು. ಬದುಕುವ ಆಸೆಯಿಲ್ಲದೆ ಮನೆಯವರು ಆ ಸ್ಥಿತಿಯಲ್ಲಿಯೇ ಅವನಿಗೆ ದೀಕ್ಷಾಸ್ನಾನ ಕೊಡಿಸಿದರು. ಅನಿರೀಕ್ಷಿತವಾಗಿ ಅವನಿಗೆ ಎಚ್ಚರವಾಯಿತು. ಹಾಸಿಗೆಯ ಬಳಿಯಲ್ಲೇ ಇದ್ದ ಅಗಸ್ತೀನರು ಆ ದೀಕ್ಷಾಸ್ನಾನದ ಬಗ್ಗೆ ತಮಾಷೆ ಮಾಡಿದರು. ಅವನೂ ಎಂದಿನಂತೆ ಜೊತೆಗೂಡಿ ನಗುತ್ತಾನೆ ಎಂಬುದರಲ್ಲಿ ಅವರಿಗೆ ಸಂದೇಹವೇ ಇರಲಿಲ್ಲ. ಗೆಳೆಯ ನಗಲಿಲ್ಲ. ವೈರಿಯನ್ನು ಕಂಡವನಂತೆ ಅವರನ್ನು ನೋಡಿದ. ತನ್ನ ಗೆಳೆತನ ಬೇಕಾದರೆ ಇಂಥ ಮಾತು ನಿಲ್ಲಬೇಕೆಂದು ಹೇಳಿಬಿಟ್ಟ. ಅಗಸ್ತೀನರು ತಬ್ಬಿಬ್ಬಾದರು. ಅವನು ಚೇತರಿಸಿಕೊಳ್ಳಲಿ, ಆಮೇಲೆ ಮಾತಾಡಿ ಸರಿಮಾಡಿಕೊಂಡರಾಯಿತು ಎಂದು ಸುಮ್ಮನಾದರು. ಕೆಲವೇ ದಿನಗಳಲ್ಲಿ ಜ್ವರ ಮರುಕಳಿಸಿ ಅವನು ತೀರಿಕೊಂಡ. ಆಗ ಅವರು ಬಳಿಯಲ್ಲಿರಲಿಲ್ಲ.

ನಮ್ಮ ವ್ಯಾಖ್ಯಾನಕಾರರು ಈ ಭಾಗವನ್ನು ಶೋಕದ ಪ್ರಕರಣವಾಗಿ ಓದುತ್ತಾರೆ. ಮುಂದೆ ಬರುವ ಕಣ್ಣೀರಿನ ಪುಟಗಳು ಅಷ್ಟು ಬಲವಾಗಿವೆ. ಆದರೆ ಆ ಕಣ್ಣೀರಿಗೆ ಮೊದಲು ಒಂದು ಹೊಡೆತವಿದೆ. ಎಷ್ಟೋ ವರ್ಷ ಜೊತೆಗೆ ನಕ್ಕವನು ಒಂದೇ ಒಂದು ಸಲ ನಗದೆ ಇದ್ದ. ಊರಿನ ಬೀದಿ ಬೀದಿಯಲ್ಲಿ ಅವನನ್ನು ಹುಡುಕುವ ತಮ್ಮ ಕಣ್ಣುಗಳಿಂದ ತಪ್ಪಿಸಿಕೊಳ್ಳಲು ಅಗಸ್ತೀನರು ತಗಸ್ತೆಯನ್ನು ಬಿಟ್ಟು ಕಾರ್ಥೇಜಿಗೆ ಹೋದರು. ಅವರು ದೀಕ್ಷಾಸ್ನಾನ ಪಡೆದದ್ದು ೩೮೭ರಲ್ಲಿ, ಹತ್ತು ವರ್ಷಕ್ಕೂ ಮಿಕ್ಕಿ ಕಾಲ ಕಳೆದ ಮೇಲೆ. ಆ ಗೆಳೆಯನ ಮಾತೇ ಇದಕ್ಕೆ ಕಾರಣವೆಂದು ಅವರು ಬರೆದಿಲ್ಲ, ನಾನೂ ಹಾಗೆ ಹೇಳಲಾರೆ. ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ, ಧರ್ಮಾಧ್ಯಕ್ಷರಾಗಿ ಲೇಖನಿ ಹಿಡಿದಾಗ, ಆ ಹಾಸಿಗೆಯ ಬಳಿ ಕಂಡ ನೋಟವನ್ನು ಅವರು ಮರೆತಿರಲಿಲ್ಲ. ಬಾಳ್ಯಾ ಕೊಡಲಾರದೆ ಹೋದದ್ದು ಆ ನೋಟವನ್ನು.

ಇನ್ನೊಬ್ಬರ ಕಥೆಗಳಲ್ಲಿ ತೀರ್ಪು ಕೊಡುವುದು ಸುಲಭ. ನಾತಾನನ ಮುಂದೆ ಕುಳಿತ ದಾವೀದನಿಗೂ ಸುಲಭವಾಗಿತ್ತು. ಆದ್ದರಿಂದ ನನ್ನದನ್ನೂ ಇಲ್ಲಿ ಇಡಬೇಕು. ಹಲವು ವರ್ಷಗಳ ಹಿಂದೆ ನಾನು ಬೇರೊಂದು ಊರಿನ ಧರ್ಮಕೇಂದ್ರದಲ್ಲಿದ್ದೆ. ಅಲ್ಲಿ ಶಾಲಾ ಶಿಕ್ಷಕರೊಬ್ಬರು ದಿನವೂ ಸಂಜೆ ಗುರುನಿವಾಸಕ್ಕೆ ಬರುತ್ತಿದ್ದರು. ಒಳ್ಳೆಯ ಹಾರ್ಮೋನಿಯಂ ಕೈ. ಭಜನೆಯಿಂದ ನಾಟ್ಯಪದದವರೆಗೆ ಯಾವುದನ್ನೂ ನುಡಿಸಬಲ್ಲರು. ಅವರು ಹೇಳುವ ಹಾಸ್ಯಕ್ಕೆ ನಗುತ್ತ ನನಗೆ ದಿನದ ದಣಿವು ಮರೆಯುತ್ತಿತ್ತು. ಏಕಾಂಗಿಯಾಗಿ ಬದುಕುವ ಗುರುವಿಗೆ ಇಂಥ ಸಂಜೆಗಳ ಬೆಲೆ ಏನೆಂದು ಇನ್ನೊಬ್ಬ ಗುರುವಿಗೆ ವಿವರಿಸಬೇಕಾಗಿಲ್ಲ. ಅವರಿಗೆ ಮಟ್ಕಾದ ಚಟವಿತ್ತು. ಊರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂದು ಮಧ್ಯಾಹ್ನ ಅವರ ಹೆಂಡತಿ ಬಂದು ಬಾಗಿಲಲ್ಲೇ ನಿಂತು, ‘‘ನೀವ ಒಂದ ಮಾತ ಹೇಳ್ರಿ ಫಾದರ್. ನಿಮ್ಮ ಮಾತ ಅಂದ್ರ ಕೇಳ್ತಾರ’’ ಎಂದರು. ‘‘ಹೇಳ್ತೀನವ್ವಾ’’ ಎಂದೆ. ಅಂದು ಸಂಜೆ ಹೇಳಬೇಕೆಂದೇ ಕುಳಿತಿದ್ದೆ. ಅವರು ಬಂದರು, ಹೊಸದೊಂದು ಹಾಡು ಕಲಿತು ಬಂದಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಎರಡು ವರ್ಷ ಎಳೆಯಿತು. ಅಷ್ಟರಲ್ಲಿ ಅವರ ಮನೆ ಮಾರಾಟವಾಯಿತು, ನನಗೆ ವರ್ಗವಾಯಿತು. ಬೀಳ್ಕೊಡುಗೆಯ ಸಭೆಯಲ್ಲಿ ಅವರೇ ಹಾರ್ಮೋನಿಯಂ ನುಡಿಸಿದರು. ನಮ್ಮ ಸ್ನೇಹವನ್ನು ಎಲ್ಲರೂ ಕೊಂಡಾಡಿದರು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಸಜ್ಜನರ ಸಂಗವನ್ನು ಹಾಡಿ ಹೊಗಳದ ಕವಿ ಕನ್ನಡದಲ್ಲಿ ಅಪರೂಪ. ಶರಣರು, ದಾಸರು, ಸರ್ವಜ್ಞ ಎಲ್ಲರೂ ಅದನ್ನು ಹೇಳಿದ್ದಾರೆ. ನಾನು ಹೊಸದಾಗಿ ಹೇಳುವುದೇನಿದೆ? ಹೇಳಬೇಕಾದದ್ದು ಇಷ್ಟೇ: ಆ ಹಿರಿಯರ ಮಾತನ್ನು ನಾವು ನಮಗೆ ಹಿತವಾಗುವಂತೆ ತಿದ್ದಿಕೊಂಡಿದ್ದೇವೆ. ಸಜ್ಜನರೆಂದರೆ ನಮ್ಮಂತೆಯೇ ಉಡುವವರು, ನಮ್ಮ ಜಾತಿಯವರು, ನಮ್ಮ ಪಂಗಡದವರು, ಸಭೆಯಲ್ಲಿ ಎದುರು ಮಾತಾಡದವರು ಎಂದಾಗಿದೆ. ಮಗ ಯಾರ ಜೊತೆ ತಿರುಗುತ್ತಾನೆಂದು ಕೇಳುವ ತಂದೆ, ಆ ಹುಡುಗ ಸುಳ್ಳು ಹೇಳುತ್ತಾನೆಯೇ ಎಂದು ಕೇಳುವುದಿಲ್ಲ, ಯಾರ ಪೈಕಿ ಎಂದು ಕೇಳುತ್ತಾನೆ. ನಮ್ಮ ಧರ್ಮಕೇಂದ್ರಗಳಲ್ಲಿಯೂ ಬೇರೆ ಕಥೆಯಿಲ್ಲ. ಪ್ರಾರ್ಥನಾ ಕೂಟಗಳು ಒಂದೇ ಓಣಿಯ, ಒಂದೇ ಅಂತಸ್ತಿನ ಜನರಿಂದ ತುಂಬುತ್ತವೆ. ಗುರುಗಳಾದ ನಾವು ಊಟಕ್ಕೆ ಹೋಗುವ ಮನೆಗಳ ಪಟ್ಟಿ ನೋಡಿದರೆ ನಮ್ಮ ಸಜ್ಜನರು ಯಾರೆಂದು ತಿಳಿಯುತ್ತದೆ. ಹಿತಕರವಾದ ಸಂಗಕ್ಕೆ ಸತ್ಸಂಗವೆಂಬ ಹೆಸರಿಟ್ಟು ನೆಮ್ಮದಿಯಾಗಿದ್ದೇವೆ.

ಪ್ರಭು ಯೇಸು ಸುಂಕದವರೊಡನೆ ಉಂಡದ್ದನ್ನು ಹಿಡಿದು ಯಾರ ಸಂಗವಾದರೂ ಆದೀತು ಎನ್ನುವವರೂ ಇದ್ದಾರೆ. ಅವರು ಆ ಊಟಗಳಲ್ಲಿ ನಡೆದದ್ದನ್ನು ನೋಡಬೇಕು. ಜಕ್ಕಾಯನ ಮನೆಯಲ್ಲಿ ಯಾರಿಗೂ ಹಿತವಾಗಲಿಲ್ಲ: ಬೀದಿಯಲ್ಲಿದ್ದವರು ಗೊಣಗಿದರು, ಜಕ್ಕಾಯ ಎದ್ದು ನಿಂತು ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ಪಡೆದಿದ್ದರೆ ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಹೇಳಿದ. ಆ ಊಟದಿಂದ ಅವನ ಗಂಟು ಕರಗಿತು. ಅದೇ ಯೇಸು, ಶಿಲುಬೆಯ ದಾರಿ ಬೇಡವೆಂದು ಅಕ್ಕರೆಯಿಂದ ತಡೆದ ಪೇತ್ರನನ್ನು ಸೈತಾನನೆಂದು ಗದರಿಸಿ ಹಿಂದೆ ಸರಿಸಿದರು. ಪೇತ್ರ ಅಂದು ಆಡಿದ್ದು ಯಾವ ಗೆಳೆಯನಾದರೂ ಆಡುವ ಪ್ರೀತಿಯ ಮಾತು. ನನಗಂತೂ ಶುಭಸಂದೇಶದ ಆ ಪುಟ ಇಂದಿಗೂ ಸುಲಭವಾಗಿ ಜೀರ್ಣವಾಗುವುದಿಲ್ಲ.

ಸಂಕೇಶ್ವರದಿಂದ ಆಜರಾ, ಅಂಬೋಲಿ ಘಾಟಿನ ಮೇಲೆ ಗೋವೆಗೆ ಇಳಿಯುವ ರಸ್ತೆಯಿದೆ. ನಮ್ಮೂರ ಹಿರಣ್ಯಕೇಶಿ ಹುಟ್ಟುವುದು ಆ ಅಂಬೋಲಿಯ ಬಳಿ. ಡಿಸೆಂಬರ್ ೩ರ ಹಬ್ಬಕ್ಕೆ ಈ ಭಾಗದ ವಿಶ್ವಾಸಿಗಳೂ ಹಳೆಯ ಗೋವೆಗೆ, ಸಂತ ಫ್ರಾನ್ಸಿಸ್ ಜೇವಿಯರರ ದರ್ಶನಕ್ಕೆ ಹೋಗುತ್ತಾರೆ. ಆ ಸಂತರನ್ನು ಪವಾಡಪುರುಷರಾಗಿ ಬಲ್ಲ ನಮಗೆ ಅವರ ಕೋಣೆಯ ಕಥೆ ಅಷ್ಟಾಗಿ ತಿಳಿದಿಲ್ಲ. ಪ್ಯಾರಿಸ್ಸಿನ ಸೇಂಟ್ ಬಾರ್ಬ್ ಕಾಲೇಜಿನಲ್ಲಿ ಅವರು ಪೀಟರ್ ಫೇಬರರೊಡನೆ ಒಂದೇ ಕೋಣೆಯಲ್ಲಿದ್ದರು. ೧೫೨೯ರಲ್ಲಿ ಆ ಕೋಣೆಗೆ ಮೂರನೆಯವರಾಗಿ ಬಂದವರು ಲೊಯೋಲದ ಇಗ್ನಾಸಿಯುಸ್. ವಯಸ್ಸಿನಲ್ಲಿ ಹದಿನೈದು ವರ್ಷ ದೊಡ್ಡವರು, ಯುದ್ಧದಲ್ಲಿ ಗಾಯಗೊಂಡು ಕುಂಟುವ ಕಾಲು, ಕೈಯಲ್ಲಿ ಕಾಸಿಲ್ಲ. ಶಾಂತಸ್ವಭಾವದ ಫೇಬರ್ ಬೇಗ ಒಲಿದರು. ಆಟೋಟದಲ್ಲಿ ಮುಂದಿದ್ದ, ಪದವಿ ಪ್ರತಿಷ್ಠೆಗಳ ಕನಸು ಕಾಣುತ್ತಿದ್ದ ಫ್ರಾನ್ಸಿಸರಿಗೆ ಮಾತ್ರ ಈ ಜೊತೆಗಾರ ಬಹುಕಾಲ ಹಿಡಿಸಲಿಲ್ಲ. ವರ್ಷಗಳ ಮೇಲೆ, ೧೫೩೪ರ ಆಗಸ್ಟ್ ೧೫ರಂದು ಮೊಂಮಾರ್ತ್ರ್ ಗುಡ್ಡದ ಮೇಲೆ ಪ್ರತಿಜ್ಞೆ ಮಾಡಿದ ಏಳು ಜನರಲ್ಲಿ ಅವರೂ ಇದ್ದರು. ೧೫೪೨ರಲ್ಲಿ ಗೋವೆಗೆ ಬಂದಿಳಿದ ಮೇಲೆ ಅವರು ಇಗ್ನಾಸಿಯುಸರ ಮುಖವನ್ನು ಮತ್ತೆ ನೋಡಲಿಲ್ಲ. ಸಂಗಡಿಗರ ಪತ್ರಗಳಿಂದ ಅವರ ಸಹಿಗಳನ್ನು ಕತ್ತರಿಸಿ ತೆಗೆದು, ಎದೆಯ ಮೇಲೆ ಧರಿಸಿಕೊಂಡು ಓಡಾಡುತ್ತಿದ್ದರೆಂದು ಅವರ ಪತ್ರಗಳಿಂದಲೇ ತಿಳಿಯುತ್ತದೆ. ಒಂದು ಕಾಲದಲ್ಲಿ ಕೋಣೆಯಲ್ಲಿ ಬೇಡವಾಗಿದ್ದ ಮನುಷ್ಯನ ಕೈಬರಹವೂ ಅದರಲ್ಲಿ ಇತ್ತೆಂದು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಆಟ ನೋಡಿದ ಮರುವಾರ ನಾನು ಆ ಶಿಕ್ಷಕರನ್ನು ಹುಡುಕಿಕೊಂಡು ಹೋದೆ. ನಿವೃತ್ತರಾಗಿ ಮಗನ ಮನೆಯಲ್ಲಿದ್ದಾರೆ. ಚಟ ಬಿಟ್ಟು ಬಹಳ ವರ್ಷಗಳಾದವಂತೆ, ಬಿಡಿಸಿದವನು ಮಗ. ಹಾರ್ಮೋನಿಯಂ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿತ್ತು. ಹವೆ, ಬೆಳೆ, ಮೊಮ್ಮಕ್ಕಳ ಶಾಲೆ ಎಲ್ಲ ಮಾತೂ ಆಯಿತು. ಹೊರಡುವ ಹೊತ್ತಿಗೆ ನಾನು ಬಂದ ಕಾರಣ ಹೇಳಿದೆ. ಅವರ ಹೆಂಡತಿ ಅಂದು ನನ್ನ ಬಾಗಿಲಿಗೆ ಬಂದದ್ದನ್ನೂ ಹೇಳಿದೆ. ಅವರಿಗೆ ಅದು ತಿಳಿದಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಆ ತಾಯಿ ತಲೆ ತಗ್ಗಿಸಿದರು.

‘‘ಅಂದರ ನಿಮಗ ಗೊತ್ತಿತ್ತೇನ್ರಿ ಫಾದರ್?’’ ಎಂದು ಅವರು ಕೇಳಿದರು.

‘‘ಗೊತ್ತಿತ್ತು, ಮಾಸ್ತರ.’’

ಬಹಳ ಹೊತ್ತು ಅವರು ಕಿಟಕಿಯ ಆಚೆ ನೋಡುತ್ತ ಕುಳಿತರು. ಆಮೇಲೆ ನನ್ನ ಕಡೆ ತಿರುಗದೆಯೇ, ಇನ್ನೊಂದು ಸಲ ಚಹಾ ಇಡುವಂತೆ ಹೆಂಡತಿಗೆ ಹೇಳಿದರು.